ಮುಂದೇನು? ಸರಿಯೇನು?

ರಾಜಕೀಯ ಥ್ರಿಲ್ಲರ್ ನೋಡುವವರಲ್ಲಿ ಎರಡು ಬಗೆಯ ಜನ ಇದ್ದಾರೆ ಎಂದು ಇತ್ತೀಚೆಗೆ ನನಗೆ ಅನ್ನಿಸತೊಡಗಿದೆ. ಕಂತು ಮುಗಿದ ಕೂಡಲೇ ‘ಮುಂದೇನು?’ ಎಂದು ಕೇಳುವವರು ಒಂದು ಬಗೆ. ‘ಅಂವ ಮಾಡಿದ್ದು ಸರಿಯೇನು?’ ಎಂದು ಕೇಳುವವರು ಇನ್ನೊಂದು ಬಗೆ. ಮೊದಲನೆಯವರು ಬಹಳ, ಎರಡನೆಯವರು ಕಡಿಮೆ. ನಮ್ಮ ಕಟ್ಟಡದಲ್ಲಂತೂ ಎರಡನೆಯ ಬಗೆಯವರು ಒಬ್ಬರೇ. ಅವರು ನನ್ನ ಅವ್ವ. ಮರಾಠಿ ಅರ್ಧ ತಿಳಿಯುತ್ತದೆ, ಹಿಂದಿ ಕಾಲು ಭಾಗ. ಆದರೂ ಈ ವಿಷಯದಲ್ಲಿ ಅವರೇ ನಮ್ಮೆಲ್ಲರಿಗಿಂತ ಒಳ್ಳೆಯ ವೀಕ್ಷಕರು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಯಾಕೆಂದು ಈ ಸಲದ ಅಂಕಣದಲ್ಲಿ ಹೇಳುತ್ತೇನೆ.

ನಾಸಿಕದಲ್ಲಿ ನಾವಿರುವುದು ಪಂಚವಟಿಯಲ್ಲಿ. ಇಲ್ಲಿ ಎರಡು ವಿಷಯ ಬಿಟ್ಟರೆ ಜನ ಮೂರನೆಯದನ್ನು ಅಷ್ಟು ಆಸೆಯಿಂದ ಮಾತಾಡುವುದಿಲ್ಲ. ಒಂದು ಈರುಳ್ಳಿಯ ದರ, ಇನ್ನೊಂದು ರಾಜಕಾರಣ. ಹೀಗಾಗಿ ‘ಸಿಟಿ ಆಫ್ ಡ್ರೀಮ್ಸ್’ ಸರಣಿ ಹಾಟ್‌ಸ್ಟಾರ್‌ನಲ್ಲಿ 2019ರ ಮೇ ತಿಂಗಳಲ್ಲಿ ಬಂದಾಗ ಅದು ನಮ್ಮ ಮೆಟ್ಟಿಲುಗಳ ಮೇಲೂ ಲಿಫ್ಟಿನಲ್ಲೂ ಹರಿದಾಡಿದ್ದರಲ್ಲಿ ಆಶ್ಚರ್ಯವಿಲ್ಲ. ನಾಗೇಶ್ ಕುಕುನೂರ್ ಅವರ ಸರಣಿ. ಮುಂಬೈಯ ಪ್ರಬಲ ನಾಯಕ ಅಮೇಯರಾವ್ ಗಾಯಕವಾಡನ ಮೇಲೆ ಗುಂಡಿನ ದಾಳಿ ಆಗುವುದರಿಂದ ಕತೆ ಶುರು. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗಾದಿ ಯಾರಿಗೆ, ಮಗನಿಗೋ ಮಗಳಿಗೋ ಎಂಬುದು ಮೊದಲ ಸೀಸನ್ನಿನ ಜೀವಾಳ. ಮಗಳು ಪೌರ್ಣಿಮಾಳಾಗಿ ಪ್ರಿಯಾ ಬಾಪಟ್, ಮಗ ಆಶಿಷ್ ಆಗಿ ಸಿದ್ಧಾರ್ಥ ಚಾಂದೇಕರ್. ಅಪ್ಪನ ಪಾತ್ರದಲ್ಲಿ ಅತುಲ್ ಕುಲಕರ್ಣಿ. ಅತುಲ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, ‘ಆ ದಿನಗಳು’ ಚಿತ್ರದಲ್ಲಿ ಅವರನ್ನು ನೀವೂ ನೋಡಿರುತ್ತೀರಿ. ಈ ಒಂದು ಸಂಗತಿಯನ್ನು ಲಿಫ್ಟಿನಲ್ಲಿ ಮೂರ್ನಾಲ್ಕು ಸಲವಾದರೂ ನಾನು ಹೆಮ್ಮೆಯಿಂದ ಹೇಳಿದ್ದುಂಟು. ಇನ್ನೂ ನೋಡದವರು ಇರಬಹುದು, ಆದ್ದರಿಂದ ಕೊನೆ ಏನಾಗುತ್ತದೆಂದು ಹೇಳುವುದಿಲ್ಲ.

ಸರಣಿಗಿಂತ ನನಗೆ ಕುತೂಹಲ ಹುಟ್ಟಿಸಿದ್ದು ನೋಡಿದವರ ಮಾತು. ಎಲ್ಲರೂ ಮೊದಲು ಮಾಡಿದ ಕೆಲಸ, ಪಾತ್ರಗಳಿಗೆ ನಿಜವಾದ ಹೆಸರು ಹಚ್ಚುವುದು. ಈ ಗಾಯಕವಾಡ ಎಂದರೆ ಯಾರು, ಆ ಗುರವ್ ಎಂದರೆ ಯಾರು. ಮೇಲಿನ ಮನೆಯ ಬ್ಯಾಂಕ್ ಉದ್ಯೋಗಿ ಒಂದು ಹೆಸರು ಹೇಳಿದರೆ ಕೆಳಗಿನ ಔಷಧ ಅಂಗಡಿಯವರು ಇನ್ನೊಂದು. ಸರಣಿಯವರು ‘ಎಲ್ಲವೂ ಕಾಲ್ಪನಿಕ’ ಎಂದು ಬರೆದುಕೊಂಡಷ್ಟೂ ಜನರಿಗೆ ಅನುಮಾನ ಜಾಸ್ತಿ. ಎರಡನೆಯ ಕೆಲಸ, ಯಾರು ಯಾರಿಗೆ ಕೈಕೊಡುತ್ತಾರೆ ಎಂದು ಮೊದಲೇ ಊಹಿಸಿ ಹೇಳುವುದು. ಊಹೆ ನಿಜವಾದರೆ ‘ನಾ ಹೇಳಿರಲಿಲ್ಲವೇ’ ಎಂಬ ಗರ್ವ. ಸುಳ್ಳಾದರೆ ‘ಮಸ್ತ್ ಟ್ವಿಸ್ಟ್’ ಎಂಬ ಮೆಚ್ಚುಗೆ. ಎರಡರಲ್ಲೂ ನೋಡುಗನಿಗೆ ನಷ್ಟವಿಲ್ಲ. ಇಂಥ ವ್ಯಾಪಾರ ಬೇರೆಲ್ಲೂ ಸಿಗದು!

ಎದುರು ಮನೆಯ ಕಾಕೂ ಅವರ ಯಜಮಾನರು ನಿವೃತ್ತ ಮಾಸ್ತರು. ಅವರದು ಒಂದೇ ಹಟ: “‘ಸಿಂಹಾಸನ’ ನೋಡಿದವರಿಗೆ ಇದೆಲ್ಲ ಬಾಲವಾಡಿ.” ಅವರು ಹೇಳುವುದು ಜಬ್ಬಾರ್ ಪಟೇಲರ 1979ರ ಮರಾಠಿ ಚಿತ್ರ. ಅರುಣ್ ಸಾಧು ಅವರ ‘ಮುಂಬೈ ದಿನಾಂಕ್’ ಮತ್ತು ‘ಸಿಂಹಾಸನ’ ಎಂಬ ಎರಡು ಕಾದಂಬರಿಗಳನ್ನು ಕೂಡಿಸಿ ವಿಜಯ್ ತೆಂಡೂಲ್ಕರ್ ಚಿತ್ರಕತೆ ಬರೆದಿದ್ದರು. ಮುಖ್ಯಮಂತ್ರಿ ಒಂದು ಕಡೆ, ಅವನ ಕುರ್ಚಿಗೆ ಕಣ್ಣಿಟ್ಟ ಹಣಕಾಸು ಮಂತ್ರಿ ಇನ್ನೊಂದು ಕಡೆ, ಇವರಿಬ್ಬರ ನಡುವೆ ಎಲ್ಲವನ್ನೂ ಹತ್ತಿರದಿಂದ ನೋಡುತ್ತ ತಿರುಗುವ ಪತ್ರಕರ್ತ ದಿಗೂ ಟಿಪಣಿಸ್. ನೀಳು ಫುಲೆ ಮಾಡಿದ ಪಾತ್ರ ಅದು. ಆ ದಿಗೂಗೆ ಎಲ್ಲ ಗೊತ್ತು, ಯಾರ ಬಳಿ ಎಷ್ಟು ಶಾಸಕರಿದ್ದಾರೆ ಎಂಬುದೂ ಗೊತ್ತು. ಆದರೆ ಅವನು ಏನನ್ನೂ ಬದಲಿಸಲಾರ. ಕೊನೆಗೆ ಅವನ ತಲೆಯೇ ಕೆಡುತ್ತದೆ. ಮಾಸ್ತರರ ಒತ್ತಾಯಕ್ಕೆ ನಾನೂ ಆ ಚಿತ್ರ ನೋಡಿದೆ. ದಿಗೂ ಬರೀ ಪತ್ರಕರ್ತನಲ್ಲ, ಅವನು ನಮ್ಮಂಥ ನೋಡುಗನೇ ಎಂದು ಆಗ ಅನ್ನಿಸಿತು. ಎಲ್ಲ ತಿಳಿದುಕೊಂಡು ಯಾವುದಕ್ಕೂ ಸಂಬಂಧವಿಲ್ಲದಂತೆ ಉಳಿಯುವ ನೋಡುಗ.

ಇನ್ನು ಅವ್ವನ ವಿಷಯ. ಅವರು ರಾಜಕೀಯ ನಾಟಕ ನೋಡಲು ಕಲಿತದ್ದು ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಿಂದ. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬರುವಾಗ ನಾನು ಬಾಗಲಕೋಟೆಯಲ್ಲಿ ಮಾಧ್ಯಮಿಕ ಶಾಲೆಯ ಹುಡುಗ. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ ಧಾರಾವಾಹಿ ಅದು. ಆಮೇಲೆ ಈಟಿವಿಯಲ್ಲಿ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ ಬಂದವು. ಈ ನಡುವೆ 2001ರಲ್ಲಿ ಭೈರಪ್ಪನವರ ಕಾದಂಬರಿ ಆಧರಿಸಿ ‘ಮತದಾನ’ ಎಂಬ ಚಿತ್ರವನ್ನೂ ಸೀತಾರಾಂ ಮಾಡಿದರು. ಊರಿನ ಒಳ್ಳೆಯ ಡಾಕ್ಟರ್ ಒಬ್ಬ ಚುನಾವಣೆಯ ಸುಳಿಗೆ ಸಿಗುವ ಕತೆ. ಆದರೆ ಮನೆಮನೆಯವರಿಗೆ ಅವರು ಪರಿಚಯವಾದದ್ದು ಸಿ.ಎಸ್.ಪಿ. ಎಂಬ ವಕೀಲನಾಗಿ. ಕರಿ ಕೋಟು, ತಣ್ಣಗಿನ ದನಿ, ಎದುರಿನವನು ಬೆವರುವ ತನಕ ಬಿಡದ ಪಾಟೀಸವಾಲು.

ನಮ್ಮ ಮನೆಯಲ್ಲಿ ಆ ಕೋರ್ಟ್ ದೃಶ್ಯಗಳು ಬರೀ ಮನರಂಜನೆ ಆಗಿರಲಿಲ್ಲ. ನಮ್ಮ ಹಳೆಯ ಮನೆ ಮತ್ತು ಎರಡೂವರೆ ಎಕರೆ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋದವು. ನವನಗರದಲ್ಲಿ ಸೈಟು ಸಿಕ್ಕಿತು. ಆದರೆ ಹೊಲದ ಪರಿಹಾರ ಸಾಲದೆಂದು ಅಪ್ಪ ಹೂಡಿದ ಕೇಸು ಹನ್ನೊಂದು ವರ್ಷ ನಡೆಯಿತು. ತೀರ್ಪು ಬಂದಾಗ ಅಪ್ಪ ಇರಲಿಲ್ಲ. ‘ತಾರೀಖು ಬಿತ್ತು’ ಎಂಬ ಮಾತು ನಾನು ಮಗ್ಗಿಗಿಂತ ಮೊದಲು ಕಲಿತೆನೇನೋ. ಹೀಗಾಗಿ ಸಿ.ಎಸ್.ಪಿ. ವಾದಕ್ಕೆ ನಿಂತರೆ ಅವ್ವ ಕೈಯಲ್ಲಿನ ಕೆಲಸ ಬಿಟ್ಟು ಕೂಡುತ್ತಿದ್ದರು. ಯಾರು ಗೆಲ್ಲುತ್ತಾರೆ ಎಂಬ ಕುತೂಹಲ ಅವರಿಗೂ ಇತ್ತು. ಆದರೆ ಮರುದಿನ ಬೆಳಗ್ಗೆ ಪಕ್ಕದ ಮನೆಯವರೊಡನೆ ನಡೆಯುತ್ತಿದ್ದ ಚರ್ಚೆ ಬೇರೆಯದು: “ಆ ಸಾಕ್ಷಿ ಸುಳ್ಳು ಹೇಳಿದ್ದು ಮಕ್ಕಳ ಹೊಟ್ಟಿ ಸಲುವಾಗಿ ಅಂತ ಇಟ್ಕೊ, ಆದ್ರೂ ಅದು ಸರಿ ಏನು?”

ಆ ಧಾರಾವಾಹಿಗಳ ವೀಕ್ಷಕರಿಗೆ ಒಂದು ದೊಡ್ಡ ಅನುಕೂಲವಿತ್ತು. ದಿನಕ್ಕೆ ಅರ್ಧ ಗಂಟೆ, ಅದರಲ್ಲೂ ಜಾಹೀರಾತು. ಉಳಿದ ಇಪ್ಪತ್ಮೂರೂವರೆ ಗಂಟೆ ಯೋಚಿಸಲು ಖಾಲಿ. ನೀರಿನ ಕೊಡ ಹಿಡಿದು ನಿಂತಾಗ, ಬಸ್ಸಿಗೆ ಕಾದಾಗ, ರೊಟ್ಟಿ ಬಡಿಯುವಾಗ ಕತೆ ತಲೆಯಲ್ಲಿ ಕುದಿಯುತ್ತಿತ್ತು. ಸೀತಾರಾಂ ಊರೂರಿಗೆ ಹೋಗಿ ವೀಕ್ಷಕರ ಜೊತೆ ಸಂವಾದಗಳನ್ನೂ ನಡೆಸುತ್ತಿದ್ದರು. ಒಂದು ಧಾರಾವಾಹಿಯ ನ್ಯಾಯ ಅನ್ಯಾಯದ ಬಗ್ಗೆ ಸಭಾಂಗಣ ತುಂಬಿಸಿ ವಾದ ಮಾಡಿದ ಜನ ನಾವು ಎಂದು ಇಲ್ಲಿಯವರಿಗೆ ಹೇಳಿದರೆ ನಂಬುವುದಿಲ್ಲ. ಈಗ ಹತ್ತು ಕಂತು ಒಂದೇ ರಾತ್ರಿ ಬರುತ್ತವೆ. ಒಂದು ಕಂತು ಮುಗಿದು ಕೆಲವೇ ಸೆಕೆಂಡುಗಳಲ್ಲಿ ಮುಂದಿನದು ತಾನೇ ಶುರುವಾಗುತ್ತದೆ. ನಾನು ಸಾಫ್ಟ್‌ವೇರ್ ಕೆಲಸದವನು, ಆ ಸೆಕೆಂಡುಗಳ ಹಿಂದಿನ ಲೆಕ್ಕ ನನಗೆ ಗೊತ್ತು. ನೋಡುಗ ಏಳಬಾರದು, ಅಷ್ಟೇ. ‘ಮುಂದೇನು’ ಎಂಬ ಪ್ರಶ್ನೆಗೆ ಉತ್ತರ ತಕ್ಷಣ ಸಿಗುತ್ತದೆ. ‘ಸರಿಯೇನು’ ಎಂಬ ಪ್ರಶ್ನೆ ಹುಟ್ಟಲು ಬೇಕಾದ ಬಿಡುವೇ ಸಿಗುವುದಿಲ್ಲ.

ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆ ನಾಸಿಕಕ್ಕೆ ಬಂದರು. ಗೋದಾವರಿ ಇತ್ತು, ಕಾಳಾರಾಮ ಮಂದಿರ ಇತ್ತು, ಮಾತಿಗೆ ಜನ ಇರಲಿಲ್ಲ. ಆಗ ಅವರನ್ನು ಉಳಿಸಿದ್ದು 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಶುರುವಾದ ‘ಮಗಳು ಜಾನಕಿ’. ಒಂದು ಕಡೆ ರಾಜಕಾರಣಿ ಭಾರ್ಗಿ, ಇನ್ನೊಂದು ಕಡೆ ಹಳೆಯ ಗೆಳೆಯನಂತೆ ಮರಳಿ ಬಂದ ಸಿ.ಎಸ್.ಪಿ., ನಡುವೆ ಜಾನಕಿ. ಇಳಕಲ್ಲಿನಲ್ಲಿರುವ ನನ್ನ ಸಣ್ಣವ್ವನೂ ಅದನ್ನೇ ನೋಡುತ್ತಿದ್ದರು. ಕಂತು ಮುಗಿದ ಮೇಲೆ ಫೋನು. ಇಪ್ಪತ್ತು ನಿಮಿಷ ಜಾನಕಿ, ಎರಡು ನಿಮಿಷ ನಮ್ಮ ಕ್ಷೇಮ ಸಮಾಚಾರ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಚಿತ್ರೀಕರಣ ನಿಂತಿತು. ಧಾರಾವಾಹಿ ಮತ್ತೆ ಮುಂದುವರಿಯುವುದಿಲ್ಲ ಎಂಬ ಸುದ್ದಿ ಕೆಲವೇ ವಾರಗಳಲ್ಲಿ ಹೊರಬಿತ್ತು. ಕತೆ ಅರ್ಧಕ್ಕೇ ನಿಂತಿತು. ನಮ್ಮಂಥ ಎಷ್ಟೋ ಮನೆಗಳಲ್ಲಿ ಆಗ ನಿಜವಾಗಿಯೂ ದುಃಖವಾಯಿತು, ಊರಿಗೆ ಹೋಗಲಾರದ ಕಾಲದಲ್ಲಿ ಊರಿನ ಮಾತು ಕೇಳಿಸುತ್ತಿದ್ದ ಒಂದು ಕಿಟಕಿಯೂ ಮುಚ್ಚಿತಲ್ಲ ಎಂದು.

ಅವ್ವ ನಾಲ್ಕು ದಿನ ಸುಮ್ಮನಿದ್ದರು. ಐದನೆಯ ದಿನ ಸಣ್ಣವ್ವನಿಗೆ ಫೋನು ಹಚ್ಚಿ, “ಅವರು ಮುಗಸಲಿಲ್ಲಂದ್ರ ಏನಾತ, ನಾವ ಮುಗಸೂಣು” ಎಂದರು. ಅಲ್ಲಿಂದ ಸುಮಾರು ಎರಡು ವಾರ ಅಕ್ಕತಂಗಿಯರಿಬ್ಬರೂ ಸೇರಿ ಆ ಕತೆಯನ್ನು ಮುಗಿಸಿದರು. ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ನಾನು ಎಲ್ಲ ಕೇಳಿಸಿಕೊಂಡೆ. ಯಾರು ಸಾಯಬೇಕು, ಯಾರು ಮದುವೆಯಾಗಬೇಕು ಎಂಬ ಮಾತು ಮೊದಲ ದಿನವೇ ಮುಗಿಯಿತು. ಉಳಿದ ದಿನವೆಲ್ಲ ಭಾರ್ಗಿಗೆ ಶಿಕ್ಷೆ ಎಷ್ಟು ಎಂಬ ವಾದ. ಸಣ್ಣವ್ವ ಜೀವಾವಧಿ ಎಂದರು. ಅವ್ವ ಒಪ್ಪಲಿಲ್ಲ. “ಅಂವನ್ನ ಒಳಗ ಹಾಕಿದ್ರ ಅಂವಗ ಶಿಕ್ಷೆ ಆತು. ಅಂವ ತಿಂದದ್ದು ಯಾರಿಗೆ ತಿರುಗಿ ಬಂತು? ಮೊದಲ ಅದನ್ನ ಕೊಡಸ್ರಿ.” ಹನ್ನೊಂದು ವರ್ಷ ಪರಿಹಾರಕ್ಕೆ ಕಾದ ಹೆಣ್ಣುಮಗಳ ತೀರ್ಪು ಅದು. ಯಾವ ಚಿತ್ರಕತೆಗಾರನಿಗೂ ಅದು ಹೊಳೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇಷ್ಟು ಹೇಳಿದ ಮೇಲೆ ನಿಜವಾದ ಥ್ರಿಲ್ಲರ್‌ಗಳ ಕಡೆ ಬರೋಣ. ಮಹಾರಾಷ್ಟ್ರದಲ್ಲಿ ಇದ್ದವರಿಗೆ 2019ರ ನವೆಂಬರ್ 23 ಮರೆಯುವಂಥದಲ್ಲ. ರಾತ್ರಿ ಮಲಗುವಾಗ ಒಬ್ಬರು ಮುಖ್ಯಮಂತ್ರಿ ಆಗುತ್ತಾರೆಂಬ ಸುದ್ದಿ. ಬೆಳಗಿನ ಚಹಾದ ಹೊತ್ತಿಗೆ ಇನ್ನೊಬ್ಬರು ಪ್ರಮಾಣ ವಚನ ಸ್ವೀಕರಿಸಿದ್ದಾರೆ. ನಸುಕಿನಲ್ಲೇ ರಾಷ್ಟ್ರಪತಿ ಆಳ್ವಿಕೆ ತೆಗೆದು, ಎಂಟು ಗಂಟೆ ಸುಮಾರಿಗೆ ಫಡಣವೀಸ್ ಮತ್ತು ಅಜಿತ್ ಪವಾರ್ ಅವರ ಪ್ರಮಾಣ. ಮೂರು ದಿನ ಕಳೆಯುವಷ್ಟರಲ್ಲಿ, 26ರಂದು ರಾಜೀನಾಮೆ. 28ಕ್ಕೆ ಉದ್ಧವ್ ಠಾಕ್ರೆ ಮುಖ್ಯಮಂತ್ರಿ. ನಮ್ಮ ಕಟ್ಟಡದಲ್ಲಿ ಅಂದು ಕೇಳಿದ ಮಾತು, “ಸಿಟಿ ಆಫ್ ಡ್ರೀಮ್ಸ್‌ನವರು ಇದನ್ನು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.”

ಎರಡನೆಯ ಸೀಸನ್ ಎಂದರೆ 2022ರ ಜೂನ್. ವಿಧಾನ ಪರಿಷತ್ ಚುನಾವಣೆಯ ರಾತ್ರಿ ಏಕನಾಥ್ ಶಿಂಧೆ ಮತ್ತು ಬೆಂಬಲಿಗ ಶಾಸಕರು ಸೂರತ್‌ಗೆ, ಅಲ್ಲಿಂದ ಗುವಾಹಟಿಗೆ. ಮುಂದಿನ ಹತ್ತು ದಿನ ಇಡೀ ರಾಜ್ಯ ಲೆಕ್ಕ ಮಾಡಿತು. ಶಿವಸೇನೆಯ ಶಾಸಕರು ಆಗ 55. ಅದರ ಮೂರನೇ ಎರಡು ಭಾಗ ಎಂದರೆ 37. ಮಕ್ಕಳು ಕೂಡ ‘ಎಷ್ಟಾಯ್ತು, ಮೂವತ್ತೇಳಾಯ್ತಾ’ ಎಂದು ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಿದ್ದರು. ಸಾಂಗೋಲೆಯ ಶಾಸಕರೊಬ್ಬರು ಗುವಾಹಟಿಯಿಂದ ಕಾರ್ಯಕರ್ತನೊಬ್ಬನಿಗೆ ಫೋನಿನಲ್ಲಿ ಹೇಳಿದ ‘ಕಾಯ್ ಝಾಡಿ, ಕಾಯ್ ಡೋಂಗರ್, ಕಾಯ್ ಹಾಟೀಲ್’, ಅಂದರೆ ಏನು ಗಿಡ, ಏನು ಗುಡ್ಡ, ಏನು ಹೋಟೆಲ್ಲು ಎಂಬ ಮಾತು ಹಾಡಾಯಿತು, ಅಂಗಿಯ ಮೇಲಿನ ಮುದ್ರೆಯಾಯಿತು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ.

ನಾವು ಕನ್ನಡಿಗರು ಇದನ್ನು ನೋಡಿ ದೊಡ್ಡವರಂತೆ ಮುಗುಳ್ನಗುವ ಹಾಗೇನೂ ಇಲ್ಲ. ಶಾಸಕರನ್ನು ಹೋಟೆಲಿನಲ್ಲಿ ಕಾಯುವ ಕಲೆಯಲ್ಲಿ ನಮ್ಮದು ಹಳೆಯ ಮನೆತನ. 1984ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಉರುಳಿಸಿದಾಗ ಅವರ ಶಾಸಕರು ಆಶ್ರಯ ಪಡೆದದ್ದು ಕರ್ನಾಟಕದಲ್ಲಿ. 2002ರಲ್ಲಿ ವಿಲಾಸರಾವ್ ದೇಶಮುಖ್ ಅವರ ಸರ್ಕಾರ ಅಲುಗಾಡಿದಾಗ ಮಹಾರಾಷ್ಟ್ರದ ಕಾಂಗ್ರೆಸ್ ಶಾಸಕರು ಬಂದಿಳಿದದ್ದು ಬೆಂಗಳೂರಿನಲ್ಲಿ. 2019ರ ಜುಲೈಯಲ್ಲಿ ಆ ಋಣ ತೀರಿತು ಎನ್ನಬೇಕು. ನಮ್ಮ ಶಾಸಕರು ಮುಂಬೈ ಹೋಟೆಲಿನಲ್ಲಿ, ಅವರನ್ನು ಕಾಣಲು ಬಂದ ಡಿ.ಕೆ. ಶಿವಕುಮಾರ್ ಹೋಟೆಲಿನ ಹೊರಗೆ ಮಳೆಯಲ್ಲಿ. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105ರಿಂದ ಬಿತ್ತು.

ಈ ಹೋಟೆಲುಗಳು ಯಾಕೆ ಬೇಕು ಎಂಬುದನ್ನು ಯಾವ ಥ್ರಿಲ್ಲರ್ ಕೂಡ ಬಿಡಿಸಿ ಹೇಳುವುದಿಲ್ಲ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು, ಅದೇ ಪಕ್ಷಾಂತರ ನಿಷೇಧ ಕಾಯ್ದೆ. ಆಗ ಪಕ್ಷದ ಮೂರನೇ ಒಂದು ಭಾಗ ಶಾಸಕರು ಒಡೆದು ಹೊರಬಂದರೆ ಸದಸ್ಯತ್ವ ಉಳಿಯುತ್ತಿತ್ತು. 2003ರ ತಿದ್ದುಪಡಿಯಲ್ಲಿ ಆ ಬಾಗಿಲು ಮುಚ್ಚಿತು. ಉಳಿದದ್ದು ಮೂರನೇ ಎರಡು ಭಾಗ ಮತ್ತು ಇನ್ನೊಂದು ಪಕ್ಷದೊಡನೆ ವಿಲೀನ. ಅಂದರೆ ಒಬ್ಬಿಬ್ಬರು ಹಾರುವುದು ಕಷ್ಟ, ಗುಂಪೇ ಹಾರಬೇಕು. ಗುಂಪು ಪೂರ್ತಿಯಾಗುವ ತನಕ ಒಬ್ಬನೂ ಮರಳಿ ಓಡದಂತೆ ನೋಡಿಕೊಳ್ಳಬೇಕು. ಪಕ್ಷಾಂತರ ತಡೆಯಲು ತಂದ ಕಾನೂನೇ ಹೋಟೆಲಿನ ಬಾಡಿಗೆಯನ್ನು ಹೆಚ್ಚಿಸಿತು ಎನ್ನಬಹುದು. ಇನ್ನು ಬಹುಮತ ಯಾರಿಗಿದೆ ಎಂದು ರಾಜ್ಯಪಾಲರು ಕೋಣೆಯಲ್ಲಿ ಕುಳಿತು ತೀರ್ಮಾನಿಸುವಂತಿಲ್ಲ, ಸದನದಲ್ಲೇ ಪರೀಕ್ಷೆಯಾಗಬೇಕು ಎಂಬ ಇಡೀ ದೇಶದ ನಿಯಮಕ್ಕೆ ನಮ್ಮವರದೇ ಹೆಸರಿದೆ. 1989ರ ಏಪ್ರಿಲ್‌ನಲ್ಲಿ ವಜಾ ಆದ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರ ಮಾರ್ಚ್ 11ರಂದು ಕೊಟ್ಟ ತೀರ್ಪು ಅದು. ಐದು ವರ್ಷ ತಡವಾಗಿ ಬಂತು, ಬೊಮ್ಮಾಯಿಯವರಿಗೆ ಕುರ್ಚಿ ಕೊಡಲಿಲ್ಲ. ಆದರೆ ಮುಂದಿನವರೆಲ್ಲರಿಗೂ ಒಂದು ಅಳತೆಗೋಲು ಕೊಟ್ಟಿತು.

ಈಗ ನನ್ನನ್ನು ಈ ಅಂಕಣ ಬರೆಯಲು ಕೂಡಿಸಿದ ವಿಷಯ. 2022ರ ಜೂನ್ 29ರ ರಾತ್ರಿ ಠಾಕ್ರೆ ರಾಜೀನಾಮೆ ಕೊಟ್ಟರು, 30ಕ್ಕೆ ಶಿಂಧೆ ಮುಖ್ಯಮಂತ್ರಿಯಾದರು. ಥ್ರಿಲ್ಲರ್ ಮುಗಿಯಿತು, ಜನ ಎದ್ದು ಹೋದರು. ಅದೇ 29ರಂದು ಸಚಿವ ಸಂಪುಟದ ಕೊನೆಯ ಸಭೆಯಲ್ಲಿ ಔರಂಗಾಬಾದಿಗೆ ಸಂಭಾಜಿನಗರ ಎಂಬ ಹೆಸರಿಡುವ ನಿರ್ಣಯವಾಗಿತ್ತು. ಮುಂದಿನ ಸರ್ಕಾರ ಜುಲೈಯಲ್ಲಿ ಅದನ್ನು ಛತ್ರಪತಿ ಸಂಭಾಜಿನಗರ ಎಂದು ಮತ್ತೆ ಮಂಜೂರು ಮಾಡಿತು. ಆ ಊರಿನ ನನ್ನ ಸಹೋದ್ಯೋಗಿ ಹೇಳಿದ್ದು, “ನಾವೆಲ್ಲ ಗುವಾಹಟಿ ನೋಡುತ್ತಿದ್ದೆವು, ನಮ್ಮೂರಿನ ಹೆಸರೇ ಬದಲಾದದ್ದು ಆಮೇಲೆ ತಿಳಿಯಿತು.” ಬದಲಾದದ್ದು ಒಳ್ಳೆಯದೋ ಅಲ್ಲವೋ ಎಂಬುದು ಅವರವರ ಅಭಿಪ್ರಾಯ. ನಾನು ಹೇಳುವುದು ಇಷ್ಟೇ, ಊರಿನ ಹೆಸರಿನಷ್ಟು ದೊಡ್ಡ ವಿಷಯವೂ ಸಸ್ಪೆನ್ಸಿನ ಪಕ್ಕದಲ್ಲಿ ಸದ್ದಿಲ್ಲದೆ ಹೋಗಬಲ್ಲದು.

ಆ ಬಂಡಾಯ ಕಾನೂನು ಪ್ರಕಾರ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ಹೋಯಿತು. 2023ರ ಮೇ 11ರಂದು ತೀರ್ಪು ಬಂತು. ಬಹುಮತ ಸಾಬೀತುಪಡಿಸಿ ಎಂದು ರಾಜ್ಯಪಾಲರು ಕರೆದದ್ದಕ್ಕೆ ಸರಿಯಾದ ಆಧಾರವಿರಲಿಲ್ಲ ಎಂದಿತು ಕೋರ್ಟು. ಆದರೆ ಠಾಕ್ರೆ ಸದನವನ್ನು ಎದುರಿಸದೆ ತಾವೇ ರಾಜೀನಾಮೆ ಕೊಟ್ಟಿದ್ದರಿಂದ ಅವರ ಸರ್ಕಾರವನ್ನು ಮರಳಿ ತರಲಾಗದು ಎಂದೂ ಹೇಳಿತು. ಶಾಸಕರ ಅನರ್ಹತೆಯ ಮಾತು ಸ್ಪೀಕರ್ ಅವರಿಗೇ ಬಿಟ್ಟಿತು. ಎರಡು ಪಕ್ಷಗಳಿಗೂ ಸಿಹಿ ಕಹಿ ಎರಡೂ ಇದ್ದ, ಗಂಟೆಗಟ್ಟಲೆ ಚರ್ಚಿಸಬಹುದಾದ ತೀರ್ಪು. ನಮ್ಮ ಕಟ್ಟಡದ ಗುಂಪಿನಲ್ಲಿ ಅಂದು ಬಂದ ಸಂದೇಶಗಳು ನೀರಿನ ಟ್ಯಾಂಕರ್ ಬಗ್ಗೆ. ಸರಿಯಾಗಿ ಹದಿನೈದು ದಿನಕ್ಕೆ, ಮೇ 26ರಂದು, ‘ಸಿಟಿ ಆಫ್ ಡ್ರೀಮ್ಸ್’ ಮೂರನೆಯ ಸೀಸನ್ ಬಂತು. ಅದೇ ಗುಂಪು ಅಂದು ರಾತ್ರಿ ಎರಡರ ತನಕ ಎಚ್ಚರವಿತ್ತು.

ಮೇ 11ರ ಸಂಜೆ ನಮ್ಮ ಮನೆಯಲ್ಲಿ ಒಬ್ಬರು ಮಾತ್ರ ಕೇಳಿದರು, “ಆ ಹೋಟೆಲ್ ಮಂದಿದು ಇವತ್ತ ತೀರ್ಪಿತ್ತಲ್ಲ, ಏನಾತಪಾ?” ನಾನು ತಿಳಿದಷ್ಟು ಹೇಳಿದೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿ, “ಅಂದ್ರ ಕರದದ್ದು ತಪ್ಪು, ಆದ್ರ ಹೋದದ್ದು ತಿರುಗಿ ಬರೂದಿಲ್ಲ” ಎಂದರು. “ಹೂಂ, ಹಂಗ” ಎಂದೆ. “ನಮ್ಮ ಹೊಲದ್ದೂ ಹಂಗ ಆತಲ್ಲ,” ಎಂದು ದೇವರ ಮುಂದೆ ದೀಪ ಹಚ್ಚಲು ಎದ್ದರು.

ಥ್ರಿಲ್ಲರ್ ನೋಡಬೇಡಿ ಎಂದು ಹೇಳುವ ಸನ್ಯಾಸಿ ನಾನಲ್ಲ. ಇಡೀ ದಿನ ಕೋಡಿನೊಳಗಿನ ಹುಳು ಹುಡುಕಿದವನಿಗೆ ರಾತ್ರಿ ಒಂದು ಒಳ್ಳೆಯ ಸಸ್ಪೆನ್ಸ್ ಬೇಕೇ ಬೇಕು. ಆದರೆ ನಾನು ಬದುಕುತ್ತಿರುವ ಊರು ಪಂಚವಟಿ. ಬಂಗಾರದ ಜಿಂಕೆ ಕಾಣಿಸಿಕೊಂಡದ್ದು ಇಲ್ಲಿಯೇ ಎಂದು ಇಲ್ಲಿಯವರ ನಂಬಿಕೆ. ಸೀತಾ ಗುಂಫಾದ ಮುಂದಿನ ಸಾಲು ದಿನಾ ನೋಡುತ್ತೇನೆ. ಆ ಕತೆಯಲ್ಲಿ ಜಿಂಕೆ ಚೆಂದ ಇದ್ದದ್ದು ತಪ್ಪಲ್ಲ. ಅದರ ಹಿಂದೆ ಎಲ್ಲರೂ ಹೋದಾಗ ಮನೆಯಲ್ಲಿ ಏನಾಯಿತು ಎಂಬುದೇ ಕತೆ.

ಇದೇ ಪಂಚವಟಿಯ ಕಾಳಾರಾಮ ಮಂದಿರದ ಮುಂದೆ 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ನೇತೃತ್ವದಲ್ಲಿ ಸತ್ಯಾಗ್ರಹ ಶುರುವಾಯಿತು. ದೇವಸ್ಥಾನದ ಬಾಗಿಲು ಅಸ್ಪೃಶ್ಯರಿಗೂ ತೆರೆಯಬೇಕು ಎಂಬ ಒಂದೇ ಬೇಡಿಕೆ. ವರ್ಷಗಟ್ಟಲೆ ನಡೆಯಿತು, ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್‌ನಲ್ಲಿ ಇದೇ ಜಿಲ್ಲೆಯ ಯೇವಲೆಯಲ್ಲಿ ಅವರು, ಹಿಂದೂವಾಗಿ ಹುಟ್ಟಿದ್ದು ನನ್ನ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯಲಾರೆ ಎಂದು ಘೋಷಿಸಿದರು. ವರ್ಷಗಟ್ಟಲೆ ಒಂದೇ ಬಾಗಿಲ ಮುಂದೆ ನಿಲ್ಲುವುದರಲ್ಲಿ ಯಾವ ಟ್ವಿಸ್ಟ್ ಇದೆ? ‘ಮುಂದೇನು’ ಎಂದು ಕೇಳುವವನು ಮೊದಲ ವಾರದಲ್ಲೇ ಎದ್ದು ಹೋಗುತ್ತಿದ್ದ. ಆದರೆ ಈ ದೇಶದ ರಾಜಕಾರಣ ಬದಲಾದದ್ದು ಅಂಥ ನಿಲುವಿನಿಂದ.

2018ರ ಮಾರ್ಚ್ 6ರಂದು ನಾಸಿಕದಿಂದ ರೈತರು ಮುಂಬೈಗೆ ನಡೆಯಲು ಶುರು ಮಾಡಿದರು. ಹೆಚ್ಚಿನವರು ಅರಣ್ಯಭೂಮಿಯ ಹಕ್ಕುಪತ್ರಕ್ಕಾಗಿ ಕಾದ ಆದಿವಾಸಿಗಳು. ಸುಮಾರು 180 ಕಿಲೋಮೀಟರ್. ಮೊದಲ ದಿನಗಳಲ್ಲಿ ಕ್ಯಾಮೆರಾಗಳು ಬೇರೆ ಕಡೆ ಇದ್ದವು. ಮುಂಬೈ ಹತ್ತಿರವಾದಾಗ, ಮರುದಿನ ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆ ಇದೆ, ಟ್ರಾಫಿಕ್ ಆಗಬಾರದು ಎಂದು ದಣಿದ ಕಾಲಲ್ಲೇ ರಾತ್ರಿಯಿಡೀ ನಡೆದು 12ರ ನಸುಕಿಗೆ ಆಜಾದ್ ಮೈದಾನ ಸೇರಿದರು. ಪಾದಗಳ ಚಿತ್ರ ದೇಶ ನೋಡಿದ್ದು ಆಗ. ಅಂದು ಸರ್ಕಾರ ಬೇಡಿಕೆಗಳನ್ನು ಒಪ್ಪಿ ಬರಹದಲ್ಲಿ ಮಾತು ಕೊಟ್ಟಿತು. ಪರದೆಯ ಮೇಲೆ ಕತೆ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷವೂ, 2023ರಲ್ಲೂ ಅವರು ಮತ್ತೆ ನಡೆದದ್ದು ಎಷ್ಟು ಜನರಿಗೆ ನೆನಪಿದೆ?

ಈರುಳ್ಳಿಯದೂ ಇದೇ ಕತೆ. ಲಾಸಲಗಾಂವ್ ಮಾರುಕಟ್ಟೆ ನಮ್ಮಿಂದ ಒಂದೂವರೆ ಗಂಟೆಯ ದಾರಿ. ಕಾಕೂ ಅವರ ತವರು ಅಲ್ಲಿಯೇ ಹತ್ತಿರದ ಹಳ್ಳಿ. 2023ರ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ಶೇ. 40 ಸುಂಕ ಬಂತು, ಡಿಸೆಂಬರ್‌ನಲ್ಲಿ ರಫ್ತೇ ನಿಷೇಧ. 2024ರ ಮೇ ತಿಂಗಳ ತನಕ ಅದು ತೆರೆಯಲಿಲ್ಲ. ಆ ಐದು ತಿಂಗಳು ಕಾಕೂ ಅವರ ತಮ್ಮ ಚಾಳಿನಲ್ಲಿ ಪೇರಿಸಿಟ್ಟ ಈರುಳ್ಳಿ ಕೊಳೆಯುವುದನ್ನು ನೋಡುತ್ತ ಕುಳಿತ. ಅದೂ ಸಸ್ಪೆನ್ಸೇ, ಆದರೆ ರಿಮೋಟ್ ಒತ್ತಿ ನಿಲ್ಲಿಸುವ ಸೌಕರ್ಯವಿಲ್ಲದ್ದು. ಜೂನ್‌ನಲ್ಲಿ ಫಲಿತಾಂಶ ಬಂದಾಗ ದಿಂಡೋರಿಯಲ್ಲಿ ಕೇಂದ್ರ ಸಚಿವೆಯೇ ಸೋತಿದ್ದರು. ಮುಂಬೈ ಸ್ಟುಡಿಯೋದವರಿಗೆ ಅದು ಟ್ವಿಸ್ಟ್. ಕಾಕೂಗೆ ಅಲ್ಲ. “ನಮ್ಮ ಕಡೆ ಬಂದು ಒಮ್ಮೆ ಮೂಸಿ ನೋಡಿದ್ದರೆ ತಿಳಿಯುತ್ತಿತ್ತು” ಎಂದರು.

ಇತ್ತೀಚೆಗೆ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಏನೇ ನೋಡಲಿ, ಸರಣಿಯಾಗಲಿ ಸುದ್ದಿಯಾಗಲಿ, ಒಂದು ಕಂತು ಮುಗಿದ ಮೇಲೆ ಟಿವಿ ಆರಿಸುತ್ತೇವೆ. ಮುಂದಿನದು ಮರುದಿನ. ನಡುವಿನ ಹೊತ್ತಿನಲ್ಲಿ ಊಟ, ಊಟದ ಜೊತೆ ಅವ್ವನ ಪ್ರಶ್ನೆ. ಒಂಬತ್ತು ವರ್ಷದ ನನ್ನ ಮಗಳು ಮೊದಲು ಗೊಣಗಿದಳು. ಈಗ ಅವಳೇ ಅಜ್ಜಿಗೆ ಎದುರು ವಕೀಲಳು. ಮೊನ್ನೆ ಒಂದು ಪಾತ್ರ ಪಕ್ಷ ಬಿಟ್ಟು ಹೋದದ್ದನ್ನು ಅವಳು ಸಮರ್ಥಿಸಿದಳು, “ಅವನಿಗೆ ಅಲ್ಲಿ ಯಾರೂ ಮರ್ಯಾದೆ ಕೊಡ್ತಿರಲಿಲ್ಲ ಅಜ್ಜಿ.” ಅಜ್ಜಿ ರೊಟ್ಟಿ ಮುರಿಯುತ್ತ ಕೇಳಿದರು, “ಅಂವಗ ಮರ್ಯಾದಿ ಸಿಗಲಿಲ್ಲ, ಖರೆ. ಅಂವಗ ಓಟು ಹಾಕಿದವರನ್ನ ಅಂವ ಕೇಳಿ ಹೋದನೇನು?”

ಮಗಳ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. 37, 113, 145 ಎಂದು ಎಣಿಸುತ್ತ ಕುಳಿತ ನಾವ್ಯಾರೂ ಕೇಳದ ಪ್ರಶ್ನೆ ಅದು. ಹತ್ತನೆಯ ಅನುಸೂಚಿಯಲ್ಲಿ ಪಕ್ಷವಿದೆ, ಸ್ಪೀಕರ್ ಇದ್ದಾರೆ, ಮತ ಹಾಕಿದವರ ಪ್ರಸ್ತಾಪವೇ ಇಲ್ಲ.

ನಿಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾವ ಪ್ರಶ್ನೆ ಏಳುತ್ತದೆ? ಬರೆದು ತಿಳಿಸಿ. ಅವ್ವನಿಗೆ ಓದಿ ಹೇಳುತ್ತೇನೆ. ಉತ್ತರ ಅವರದೇ ಬರುತ್ತದೆ, ಖಾರ ಸ್ವಲ್ಪ ಜಾಸ್ತಿ ಇದ್ದರೆ ಸಹಿಸಿಕೊಳ್ಳಿ.